ವಸತಿರಹಿತತೆ ಮತ್ತು ನೆರವಿನ ಅರ್ಹತೆ: ಕರ್ನಾಟಕದ ಹಳ್ಳಿ, ಸಣ್ಣ ಪಟ್ಟಣಗಳಲ್ಲಿ

ವಾಸಕ್ಕೆ ಮನೆಯೇ ಇಲ್ಲದ, ಅಥವಾ ಇರುವ ಸೂರಿನ ಕೆಳಗೆ ಉಳಿಯುವ ಹಕ್ಕಿಲ್ಲದ ಸ್ಥಿತಿ ವಸತಿರಹಿತತೆ. ಮಹಾನಗರದಲ್ಲಿ ಇದು ಫುಟ್‌ಪಾತಿನ ಮೇಲೆ, ಮೇಲ್ಸೇತುವೆಯ ಕೆಳಗೆ ಕಣ್ಣಿಗೆ ಬೀಳುತ್ತದೆ. ಐದಾರು ಸಾವಿರ ಜನರ ಹಳ್ಳಿಯಲ್ಲಿ, ಇಪ್ಪತ್ತು ಮೂವತ್ತು ಸಾವಿರ ಜನರ ತಾಲ್ಲೂಕು ಕೇಂದ್ರದಲ್ಲಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅಲ್ಲಿ ಮನೆಯಿಲ್ಲದವರು ಅಣ್ಣನ ಮನೆಯ ಪಡಸಾಲೆಯಲ್ಲೋ, ಕೊಟ್ಟಿಗೆಗೆ ಒತ್ತಿ ಇಳಿಸಿದ ತಗಡಿನ ಮಾಡಿನಲ್ಲೋ, ತೋಟದ ಮಾಲೀಕರು ಬಿಟ್ಟುಕೊಟ್ಟ ಲೈನ್‌ಮನೆಯಲ್ಲೋ, ಕೆರೆ ಅಂಗಳದ ಟೆಂಟಿನಲ್ಲೋ ಇರುತ್ತಾರೆ. ಊರಿಗೆಲ್ಲ ಅವರ ಪರಿಚಯವಿರುತ್ತದೆ, ಆದರೆ ಅವರನ್ನು ಮನೆಯಿಲ್ಲದವರೆಂದು ಯಾರೂ ಕರೆಯುವುದಿಲ್ಲ.

ಆಡಳಿತದ ಲೆಕ್ಕದಲ್ಲಿ ಎರಡು ವರ್ಗಗಳಿವೆ. ಸ್ವಂತ ನಿವೇಶನವಿದ್ದು ಅದರಲ್ಲಿ ಪಕ್ಕಾ ಮನೆ ಇಲ್ಲದವರು ವಸತಿರಹಿತರು. ಮನೆಯೂ ಇಲ್ಲ, ಮನೆ ಕಟ್ಟಲು ಜಾಗವೂ ಇಲ್ಲ ಎನ್ನುವವರು ನಿವೇಶನರಹಿತರು. ಗ್ರಾಮ ಪಂಚಾಯಿತಿಗಳು ತಯಾರಿಸುವ ಪಟ್ಟಿಗಳು ಈ ಎರಡೇ. ಬಸ್ ನಿಲ್ದಾಣದಲ್ಲಿ ಮಲಗುವ ಒಂಟಿ ಮನುಷ್ಯ ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಅವನ ಹೆಸರು ಎಲ್ಲಾದರೂ ಸಿಕ್ಕರೆ ಪೊಲೀಸ್ ಠಾಣೆಯಲ್ಲೋ ಸಮಾಜ ಕಲ್ಯಾಣ ಇಲಾಖೆಯ ಕಡತದಲ್ಲೋ ಸಿಗಬೇಕು. ಹಳ್ಳಿಗಾಡಿನ ವಸತಿ ನೀತಿಯ ಮುಖ್ಯ ತೊಡಕು ಇಲ್ಲೇ ಇದೆ: ನೆರವು ಪಡೆಯಲು ಜಾಗದ ದಾಖಲೆ, ರೇಷನ್ ಕಾರ್ಡ್, ಊರಿನ ವಿಳಾಸ ಬೇಕು, ಬೀದಿಗೆ ಹತ್ತಿರವಾದಷ್ಟೂ ಮನುಷ್ಯನ ಕೈಯಲ್ಲಿ ಈ ಕಾಗದಗಳು ಕಡಿಮೆಯಾಗುತ್ತ ಹೋಗುತ್ತವೆ.

ಎಣಿಕೆ

ಭಾರತದ ಜನಗಣತಿ ಕಟ್ಟಡವೆನ್ನಬಹುದಾದ ಯಾವುದರಲ್ಲೂ ವಾಸಿಸದೆ ರಸ್ತೆಬದಿ, ಫುಟ್‌ಪಾತ್, ಹ್ಯೂಮ್ ಪೈಪು, ಮೆಟ್ಟಿಲಡಿ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ಬಯಲಿಗೆ ಬಿದ್ದಿರುವವರನ್ನು ಮಾತ್ರ ಮನೆಯಿಲ್ಲದವರೆಂದು ಪರಿಗಣಿಸುತ್ತದೆ. 2011ರಲ್ಲಿ ಇವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ದೇಶದಲ್ಲಿ ಸಿಕ್ಕಿದ್ದು 17.73 ಲಕ್ಷ ಜನ. ಅವರಲ್ಲಿ ಸುಮಾರು 8.35 ಲಕ್ಷ ಗ್ರಾಮೀಣ ಪ್ರದೇಶದವರು. ಕರ್ನಾಟಕದ ಸಂಖ್ಯೆ ಸುಮಾರು 77 ಸಾವಿರ.

ಈ ವ್ಯಾಖ್ಯೆಯ ಪ್ರಕಾರ ಬಾಗಿಲೊಂದಿರುವ ಸೋಗೆ ಗುಡಿಸಲೂ ಮನೆಯೇ. ಮೂರು ಕುಟುಂಬಗಳು ಎರಡು ಕೋಣೆಯಲ್ಲಿ ಹೆಣಗಾಡುತ್ತಿದ್ದರೂ ಅವರಲ್ಲಿ ಯಾರೂ ಮನೆಯಿಲ್ಲದವರಲ್ಲ. ಹನ್ನೆರಡನೇ ಪಂಚವಾರ್ಷಿಕ ಯೋಜನೆಗೆಂದು ರಚಿತವಾದ ಕಾರ್ಯತಂಡ ಬೇರೆ ದಾರಿ ಹಿಡಿಯಿತು. ಬಯಲಲ್ಲಿರುವವರ ಜತೆಗೆ ಕಚ್ಚಾ ಮನೆಗಳನ್ನೂ, ಹಳೆಯದಾಗಿ ಕುಸಿಯುವಂತಿರುವ ಮನೆಗಳನ್ನೂ, ಮದುವೆಯಾದ ದಂಪತಿಗೆ ಪ್ರತ್ಯೇಕ ಕೋಣೆಯಿಲ್ಲದಷ್ಟು ಕಿಕ್ಕಿರಿದ ಮನೆಗಳನ್ನೂ ಸೇರಿಸಿ ಗ್ರಾಮೀಣ ಭಾರತದ ಕೊರತೆ 2012–17ರ ಅವಧಿಗೆ ಸುಮಾರು 4.4 ಕೋಟಿ ಮನೆಗಳು ಎಂದು ಅಂದಾಜು ಮಾಡಿತು. ಒಂದು ಕಡೆ ಕೆಲವು ಲಕ್ಷ ಜನ, ಇನ್ನೊಂದು ಕಡೆ ಕೋಟಿಗಟ್ಟಲೆ ಮನೆ. ಎರಡೂ ತಪ್ಪಲ್ಲ, ಅಳತೆಗೋಲು ಬೇರೆ ಅಷ್ಟೆ. ಹಳ್ಳಿಯ ವಸತಿ ಯೋಜನೆಗಳು ನಡೆಯುತ್ತಿರುವುದು ಎರಡನೆಯ ಅಳತೆಗೋಲಿನ ಮೇಲೆ.

ಯಾರು, ಹೇಗೆ ಮನೆಯಿಲ್ಲದವರಾಗುತ್ತಾರೆ

ಬಹುಪಾಲು ಸಂದರ್ಭಗಳಲ್ಲಿ ಕಾರಣ ಸರಳ. ಅಪ್ಪನಿಗೆ ಒಂದು ಮನೆ, ಮಕ್ಕಳು ನಾಲ್ವರು. ಒಬ್ಬೊಬ್ಬರಿಗೂ ಮದುವೆಯಾದಂತೆ ಒಲೆ ಬೇರೆಯಾಗುತ್ತದೆ, ಮನೆ ಬೇರೆಯಾಗುವುದಿಲ್ಲ. ಗ್ರಾಮಠಾಣಾ, ಅಂದರೆ ಊರಿನ ವಾಸದ ಜಾಗವೆಂದು ಗುರುತಿಸಿದ ಪ್ರದೇಶ, ಎಷ್ಟೋ ಹಳ್ಳಿಗಳಲ್ಲಿ ಅಜ್ಜ ಮುತ್ತಜ್ಜರ ಕಾಲದ ಗಡಿಯೊಳಗೇ ಉಳಿದಿದೆ. ದಲಿತ ಕೇರಿಗಳಲ್ಲಿ ಈ ಇಕ್ಕಟ್ಟು ಹೆಚ್ಚು, ಏಕೆಂದರೆ ಸುತ್ತ ಇರುವ ಹೊಲ ಅವರದಲ್ಲ. ಊರೊಳಗೆ ದುಡ್ಡು ಕೊಟ್ಟರೂ ಜಾಗ ಮಾರುವವರು ಸಿಗುವುದು ಕಷ್ಟ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ನಾಜೂಕು. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ಮೇಲೆ ತವರಿಗೆ ಮರಳಿದವಳ ಹೆಸರು ಅಣ್ಣನ ರೇಷನ್ ಕಾರ್ಡಿಗೆ ಸೇರುತ್ತದೆ. ಕಾಗದದ ಮೇಲೆ ಆಕೆ ಮನೆಯುಳ್ಳ ಕುಟುಂಬದ ಸದಸ್ಯೆಯಾಗುತ್ತಾಳೆ. ನೆರವು ಕುಟುಂಬಕ್ಕೆ ಸಿಗುವುದೇ ಹೊರತು ವ್ಯಕ್ತಿಗಲ್ಲವಾದ್ದರಿಂದ, ಮೊದಲು ಕಾರ್ಡು ಬೇರೆಯಾಗಬೇಕು. ಬಿಟ್ಟುಹೋದ ಗಂಡ ವಿಚ್ಛೇದನ ಕೊಟ್ಟಿರದಿದ್ದರೆ ಅದೂ ಸಲೀಸಲ್ಲ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಸೂರು ಕೂಲಿಯ ಜತೆ ಬರುತ್ತದೆ, ಕೂಲಿಯ ಜತೆಗೇ ಹೋಗುತ್ತದೆ. ತಲೆಮಾರುಗಳಿಂದ ಅಲ್ಲೇ ಇದ್ದ ಯರವ, ಪಣಿಯ ಮೊದಲಾದ ಬುಡಕಟ್ಟಿನ ಕುಟುಂಬಗಳಿಗೆ ಸ್ವಂತ ವಿಳಾಸ ಇರಲಿಲ್ಲ. ಲೈನ್‌ಮನೆ ಬಿಟ್ಟು ಬಂದ ಇಂಥ ಐನೂರಕ್ಕೂ ಹೆಚ್ಚು ಕುಟುಂಬಗಳು ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದವು. 2016ರ ಡಿಸೆಂಬರಿನಲ್ಲಿ ಅರಣ್ಯ ಭೂಮಿಯೆಂಬ ಕಾರಣಕ್ಕೆ ಅವುಗಳನ್ನು ಕೆಡವಲಾಯಿತು. ದೀರ್ಘ ಹೋರಾಟ ನಡೆದು, ಕೊನೆಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಸರ್ಕಾರ ಪುನರ್ವಸತಿ ಕಲ್ಪಿಸಿತು. ತೋಟದ ಒಳಗಿರುವಷ್ಟು ಕಾಲ ಯಾವ ಲೆಕ್ಕಕ್ಕೂ ಬಾರದ ವಸತಿರಹಿತತೆ ತೋಟದಿಂದ ಹೊರಬಿದ್ದ ಕೂಡಲೇ ಸುದ್ದಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ.

ಅಲೆಮಾರಿಗಳದು ಬೇರೆಯೇ ಕಥೆ. ಹಂದಿಜೋಗಿ, ಸುಡುಗಾಡು ಸಿದ್ಧ, ಬುಡಗ ಜಂಗಮ, ದೊಂಬಿದಾಸ, ಶಿಳ್ಳೇಕ್ಯಾತ ಮುಂತಾದ ಸಮುದಾಯಗಳು ಹಿಂದೆ ಊರಿಂದೂರಿಗೆ ಸಾಗುತ್ತಿದ್ದವು. ಮನೆ ಇಲ್ಲದಿರುವುದು ಆಗ ಕೊರತೆಯಾಗಿರಲಿಲ್ಲ, ಬದುಕಿನ ರೀತಿಯಾಗಿತ್ತು. ವೇಷ, ಬೊಂಬೆಯಾಟ, ಕೂದಲು ಪಿನ್ನಿನ ವ್ಯಾಪಾರಗಳಿಂದ ಹೊಟ್ಟೆ ತುಂಬದಾದಾಗ, ಮಕ್ಕಳನ್ನು ಶಾಲೆಗೆ ಹಾಕಬೇಕೆನಿಸಿದಾಗ ಇವರು ಪಟ್ಟಣದ ಅಂಚಿನಲ್ಲಿ ನೆಲೆ ನಿಂತರು. ಟಾರ್ಪಾಲು, ಹಳೆಯ ಫ್ಲೆಕ್ಸ್ ಬ್ಯಾನರು, ಬಿದಿರ ಗಳ ಸೇರಿಸಿ ಕಟ್ಟಿದ ಟೆಂಟುಗಳು ಸಾಮಾನ್ಯವಾಗಿ ನಿಲ್ಲುವುದು ಬೇರೆ ಯಾರಿಗೂ ಬೇಡವಾದ ಕಡೆ: ಕೆರೆ ಅಂಗಳ, ಸ್ಮಶಾನದ ಪಕ್ಕ, ರೈಲು ಹಳಿಯ ಬದಿ. ಮಳೆಗಾಲದಲ್ಲಿ ನೀರು ನುಗ್ಗಿದರೆ ಶಾಲೆಯ ಜಗುಲಿ. ಇಪ್ಪತ್ತು ವರ್ಷ ಒಂದೇ ಕಡೆ ಇದ್ದರೂ ಪಕ್ಕದವರ ಬಾಯಲ್ಲಿ ಇವರು ಹೊರಗಿನವರೇ. ಜಾತಿ ಪ್ರಮಾಣಪತ್ರಕ್ಕೆ ಹೋದರೆ ಮೂಲ ಊರು ಯಾವುದೆಂಬ ಪ್ರಶ್ನೆ ಎದುರಾಗುತ್ತದೆ, ಅದಕ್ಕೆ ಕಾಗದದ ಉತ್ತರ ಇರುವುದಿಲ್ಲ.

ಕಬ್ಬು ಕಟಾವಿನ ಗ್ಯಾಂಗುಗಳು, ಇಟ್ಟಿಗೆ ಭಟ್ಟಿಯ ಕೂಲಿಗಳು ವರ್ಷದ ಕೆಲವು ತಿಂಗಳು ಮಾತ್ರ ಬಯಲಿನ ಗುಡಿಸಲಲ್ಲಿರುತ್ತಾರೆ. ದುಡಿಯುವ ಊರಿನಲ್ಲಿ ಇವರಿಗೆ ಯಾವ ಅರ್ಹತೆಯೂ ಹುಟ್ಟುವುದಿಲ್ಲ, ಸ್ವಂತ ಊರಿನಲ್ಲಿ ಗ್ರಾಮಸಭೆ ನಡೆಯುವ ದಿನ ಇವರು ಅಲ್ಲಿರುವುದಿಲ್ಲ.

ಜನತಾ ಮನೆಯಿಂದ ಇಂದಿನವರೆಗೆ

ಕರ್ನಾಟಕದಲ್ಲಿ ಬಡವರಿಗೆ ಮನೆ, ನಿವೇಶನ ಹಂಚುವ ಕೆಲಸ ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 1970ರ ದಶಕದಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ. ಊರಾಚೆ ಸಾಲಾಗಿ ಕಟ್ಟಿದ ‘ಜನತಾ ಮನೆ’ಗಳ ಹೆಸರು ಇಂದಿಗೂ ಎಷ್ಟೋ ಊರುಗಳಲ್ಲಿ ಬಡಾವಣೆಯ ಹೆಸರಾಗಿ ಉಳಿದಿದೆ. ಭೂಸುಧಾರಣಾ ಕಾಯ್ದೆಯ 38ನೇ ಕಲಂ ಇದೇ ದಿಕ್ಕಿನದು. ಒಡೆಯನ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕೂಲಿಗೆ ಆ ವಾಸದ ಜಾಗದ ಒಡೆತನ ಪಡೆಯಲು ಅದು ಅವಕಾಶ ಕೊಟ್ಟಿತು. 1991–92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ಎಲ್ಲ ವಸತಿ ಯೋಜನೆಗಳ ನಿರ್ವಹಣೆಗೆಂದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಕೇಂದ್ರದ ಇಂದಿರಾ ಆವಾಸ್ ಯೋಜನೆ 1985–86ರಲ್ಲಿ ಆರಂಭವಾಗಿ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಆಗಿ ಬದಲಾಯಿತು.

ಅರ್ಹತೆಯ ನಿಯಮಗಳು

ಕೇಂದ್ರ ಯೋಜನೆಯ ಮೊದಲ ಪಟ್ಟಿ ಹುಟ್ಟಿದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಿಂದ. ಸೂರೇ ಇಲ್ಲದವರು ಹಾಗೂ ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದೆರಡು ಕೋಣೆಯ ಮನೆಯವರು ಅದಕ್ಕೆ ಅರ್ಹರು. ಸೂರಿಲ್ಲದ ಕುಟುಂಬ, ಭಿಕ್ಷೆಯಿಂದ ಬದುಕುವ ನಿರ್ಗತಿಕರು, ಮಲ ಹೊರುವವರು, ಜೀತವಿಮುಕ್ತರು ಮತ್ತು ಆದಿಮ ಬುಡಕಟ್ಟಿನವರು ಬೇರೆ ಪರೀಕ್ಷೆಯಿಲ್ಲದೆ ಪಟ್ಟಿಗೆ ಸೇರಬೇಕು.

ಸೇರಿಸುವ ನಿಯಮಗಳಿಗಿಂತ ತೆಗೆದುಹಾಕುವ ನಿಯಮಗಳು ಹೆಚ್ಚು ಚರ್ಚೆಗೆ ಒಳಗಾದವು. ಆರಂಭದಲ್ಲಿ ಇಂಥ 13 ಅಂಶಗಳಿದ್ದವು. ಮನೆಯಲ್ಲಿ ಬೈಕ್ ಇದ್ದರೆ, ಫ್ರಿಜ್ ಅಥವಾ ಸ್ಥಿರ ದೂರವಾಣಿ ಇದ್ದರೆ, 50 ಸಾವಿರ ರೂಪಾಯಿ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದರೆ, ಯಾರಾದರೊಬ್ಬರು ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ, ಸರ್ಕಾರಿ ನೌಕರರಿದ್ದರೆ, ನೀರಾವರಿ ಸಾಧನದ ಜತೆ ಎರಡೂವರೆ ಎಕರೆ ನೀರಾವರಿ ಭೂಮಿ ಇದ್ದರೆ ಕುಟುಂಬ ಅನರ್ಹ. ಕೂಲಿಗೆ ದೂರ ಹೋಗಬೇಕಾದವರು ಕಂತಿನ ಮೇಲೆ ತಂದ ಹಳೆಯ ಬೈಕು ಮನೆಯನ್ನು ತಪ್ಪಿಸಿತೆಂಬ ದೂರು ದೇಶದ ಬಹುತೇಕ ಕಡೆ ಕೇಳಿಬಂತು. 2024ರಲ್ಲಿ ದ್ವಿಚಕ್ರ ವಾಹನ, ಮೀನುಗಾರಿಕಾ ದೋಣಿ, ಫ್ರಿಜ್, ಸ್ಥಿರ ದೂರವಾಣಿಗಳನ್ನು ಕೈಬಿಟ್ಟು, ಆದಾಯದ ಮಿತಿಯನ್ನು 15 ಸಾವಿರಕ್ಕೆ ಏರಿಸಲಾಯಿತು.

ರಾಜ್ಯದ ಯೋಜನೆಗಳಲ್ಲಿ ಬಸವ ವಸತಿ ಯೋಜನೆ ಗ್ರಾಮೀಣ ಪ್ರದೇಶದ ಬಡವರಿಗೆ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ. ಪಟ್ಟಣಗಳಿಗೆ ವಾಜಪೇಯಿ ನಗರ ವಸತಿ ಯೋಜನೆ ಇದೆ. ಹೆಚ್ಚು ಗಮನಿಸಬೇಕಾದದ್ದು ದೇವರಾಜ ಅರಸು ವಸತಿ ಯೋಜನೆ. ವಿಧವೆಯರು, ಅಂಗವಿಕಲರು, ಎಚ್‌ಐವಿ ಸೋಂಕಿತ ಕುಟುಂಬಗಳು, ಕುಷ್ಠರೋಗದಿಂದ ಗುಣಮುಖರಾದವರು, ಮಾಜಿ ದೇವದಾಸಿಯರು, ಪೌರಕಾರ್ಮಿಕರು, ಅಲೆಮಾರಿಗಳು, ಲಿಂಗತ್ವ ಅಲ್ಪಸಂಖ್ಯಾತರು ಮುಂತಾದ, ಗ್ರಾಮಸಭೆಯಲ್ಲಿ ದನಿ ಎತ್ತಲಾಗದ ಗುಂಪುಗಳನ್ನು ಇದು ಹೆಸರಿಸಿ ಗುರುತಿಸುತ್ತದೆ. ಆದಾಯದ ಮಿತಿ ಹಳ್ಳಿಗಳಲ್ಲಿ ಬಹುಕಾಲ ವರ್ಷಕ್ಕೆ 32 ಸಾವಿರ ರೂಪಾಯಿ ಇತ್ತು. ದಿನಗೂಲಿಯ ದರ ನೋಡಿದರೆ ಪ್ರಾಮಾಣಿಕವಾಗಿ ಆದಾಯ ಹೇಳಿದ ಯಾವ ಕೂಲಿಕಾರನೂ ಅದರೊಳಗೆ ಬರುವಂತಿರಲಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಮಿತಿಗೆ ತಕ್ಕ ಅಂಕಿಯನ್ನೇ ಹೊತ್ತು ಬರುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮುಂದೆ ಅದನ್ನು 1.20 ಲಕ್ಷಕ್ಕೆ ಏರಿಸಲಾಯಿತು. ಎಲ್ಲ ಯೋಜನೆಗಳಿಗೂ ಅನ್ವಯಿಸುವ ಷರತ್ತು, ಹಿಂದೆ ಯಾವ ಸರ್ಕಾರಿ ಯೋಜನೆಯಲ್ಲೂ ಮನೆ ಪಡೆದಿರಬಾರದು ಎಂಬುದು. ರಾಜ್ಯ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮಹಿಳೆಯ ಹೆಸರಿಗೆ ಮಂಜೂರಾಗುತ್ತದೆ. ವಿಧುರ, ಮಾಜಿ ಸೈನಿಕ, ಅಂಗವಿಕಲರಂಥವರಿಗೆ ವಿನಾಯಿತಿಯಿದೆ.

ಜಾಗ

ಮನೆಯ ಹಣಕ್ಕಿಂತ ಮನೆಯ ಜಾಗವೇ ದೊಡ್ಡ ಅಡ್ಡಿ. ಮಂಜೂರಾತಿಗೆ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಅಥವಾ ಹಕ್ಕುಪತ್ರ ಬೇಕು. ಗ್ರಾಮಠಾಣಾ ಗಡಿಯಾಚೆ, ಭೂಪರಿವರ್ತನೆಯಾಗದ ಹೊಲದಂಚಿನಲ್ಲಿ ಮನೆ ಕಟ್ಟಿಕೊಂಡವರಿಗೆ ನಮೂನೆ 9 ಸಿಗುವುದಿಲ್ಲ. ಸರ್ಕಾರ ಗೋಮಾಳವನ್ನೋ ಖರೀದಿಸಿದ ಖಾಸಗಿ ಜಮೀನನ್ನೋ ನಿವೇಶನಗಳಾಗಿ ವಿಂಗಡಿಸಿ ಹಂಚುತ್ತದೆ. ಅಳತೆ ಹಳ್ಳಿಯಲ್ಲಿ ಸಾಮಾನ್ಯವಾಗಿ 30×40 ಅಡಿ, ಪಟ್ಟಣದಲ್ಲಿ 20×30. ಗೋಮಾಳ ಉಳಿದಿಲ್ಲದ, ಭೂಮಿಯ ಬೆಲೆ ಏರಿದ ತಾಲ್ಲೂಕುಗಳಲ್ಲಿ ಈ ಹಂಚಿಕೆ ವರ್ಷಗಟ್ಟಲೆ ಮುಂದೆ ಸಾಗುವುದಿಲ್ಲ. ಹಕ್ಕುಪತ್ರ ಕೈಗೆ ಬಂದಿದ್ದು, ಅದರಲ್ಲಿರುವ ನಿವೇಶನ ನೆಲದ ಮೇಲೆ ಎಲ್ಲಿದೆಯೆಂದು ತೋರಿಸುವವರಿಲ್ಲದ ಪ್ರಸಂಗಗಳೂ ಉಂಟು.

ಸರ್ಕಾರಿ ಜಾಗದಲ್ಲಿ ಅನಧಿಕೃತವಾಗಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಂ ದಾರಿ ತೆರೆಯಿತು. 2012ರ ಜನವರಿ 1ಕ್ಕಿಂತ ಮುಂಚೆ ಕಟ್ಟಿದ್ದ ವಾಸದ ಮನೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸಬಹುದು, ಪಟ್ಟಣಕ್ಕೆ 94ಸಿಸಿ. ಅರಣ್ಯ, ಕೆರೆ, ರಸ್ತೆಗೆ ಸೇರಿದ ಜಾಗಗಳು ಇದರಲ್ಲಿ ಬರುವುದಿಲ್ಲ, ಕಡುಬಡವರು ಹೆಚ್ಚಾಗಿ ಇರುವುದು ಅಲ್ಲೇ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ಕುರುಬರಹಟ್ಟಿಗಳಂಥ ದಾಖಲೆಯಿಲ್ಲದ ವಸತಿಗಳಿಗೆ ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಲಾಯಿತು. ‘ಉಳುವವನೇ ಹೊಲದೊಡೆಯ’ ಎಂಬ ಹಳೆಯ ಘೋಷಣೆಯ ಜತೆಗೆ ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ರೂಢಿಗೆ ಬಂದದ್ದು ಆಗಲೇ. ಇಂಥ ವಸತಿಗಳನ್ನು ಕಂದಾಯ ಗ್ರಾಮಗಳಾಗಿ ಘೋಷಿಸಿ, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಲಾಯಿತು.

ಆಯ್ಕೆ

ಹಳ್ಳಿಯಲ್ಲಿ ಫಲಾನುಭವಿಯನ್ನು ಆರಿಸುವ ಅಧಿಕಾರ ಗ್ರಾಮಸಭೆಯದು. ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯದು. ಗ್ರಾಮಸಭೆಯ ವಾದ ಸರಳ: ಯಾರ ಗೋಡೆ ಬಿದ್ದಿದೆ, ಯಾರಿಗೆ ಹೊಲದಲ್ಲಿ ಇನ್ನೊಂದು ಮನೆಯಿದೆ ಎಂಬುದು ಅಧಿಕಾರಿಗಿಂತ ಊರಿನವರಿಗೆ ಚೆನ್ನಾಗಿ ಗೊತ್ತು. ಅದು ನಿಜವೂ ಹೌದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪಟ್ಟಿ ಓದುವಾಗ ‘ಅವರಿಗೆ ಪೇಟೆಯಲ್ಲಿ ಮನೆ ಇದೆ ಸ್ವಾಮಿ’ ಎಂದು ಹಿಂದಿನ ಸಾಲಿನಿಂದ ಬರುವ ಒಂದು ಮಾತು ಯಾವ ಸಮೀಕ್ಷೆಗೂ ಸಿಗದ ಮಾಹಿತಿ.

ಆದರೆ ಎಲ್ಲರಿಗೂ ಎಲ್ಲರ ಮುಖ ಗೊತ್ತಿರುವುದು ತೊಡಕೂ ಹೌದು. ತನಗೆ ಕೂಲಿ ಕೊಡುವವರ ಕಡೆಯವನ ಹೆಸರಿಗೆ ಕೂಲಿಕಾರ ಆಕ್ಷೇಪ ಎತ್ತುವುದಿಲ್ಲ. ಪಂಚಾಯಿತಿಗೆ ಬರುವ ಗುರಿ, ಅಂದರೆ ಮಂಜೂರಾಗುವ ಮನೆಗಳ ಸಂಖ್ಯೆ, ಅರ್ಜಿಗಳ ಒಂದು ಪಾಲಿಗೂ ಸಾಲದೆ ಇದ್ದಾಗ, ಮನೆಗಳು ವಾರ್ಡಿಗಿಷ್ಟು, ಮೆಂಬರಿಗಿಷ್ಟು ಎಂದು ಸಭೆಗೆ ಮುಂಚೆಯೇ ಹಂಚಿಕೆಯಾಗುವುದು ಗುಟ್ಟೇನಲ್ಲ. ಮತವಿಲ್ಲದ ಟೆಂಟಿನವರಿಗೆ ಆ ಹಂಚಿಕೆಯಲ್ಲಿ ಯಾರೂ ಮೆಂಬರಿಲ್ಲ.

ವಿಳಾಸವಿಲ್ಲದವರಿಗೆ ಮತದಾರರ ಪಟ್ಟಿ ಮುಚ್ಚಿದ ಬಾಗಿಲೇನಲ್ಲ. ಮನೆಯಿಲ್ಲದ ಅರ್ಜಿದಾರ ತಾನು ಮಲಗುವ ಜಾಗವನ್ನೇ ಬರೆಯಬಹುದು. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಬಾರಿ, ಅಲ್ಲಿಗೆ ಹೋಗಿ ಅವನು ನಿಜವಾಗಿ ಅಲ್ಲೇ ಮಲಗುತ್ತಾನೆಯೇ ಎಂದು ನೋಡಬೇಕು ಎಂಬುದು ಚುನಾವಣಾ ಆಯೋಗದ ಸೂಚನೆ. ಹೀಗೆ ನೋಡಿದರೆ ಸಾಕು, ಬೇರೆ ದಾಖಲೆ ಬೇಡ. ವಸತಿ ಯೋಜನೆಗಳಲ್ಲಿ ಇಷ್ಟು ಸರಳವಾದ ಪರಿಶೀಲನೆ ಇಲ್ಲ.

ಹಣ ಬರುವ ಬಗೆ

ಕೇಂದ್ರ ಯೋಜನೆಯ ನೆರವು ಬಯಲುಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. ಶೌಚಾಲಯಕ್ಕೆ 12 ಸಾವಿರ ಮತ್ತು ಉದ್ಯೋಗ ಖಾತರಿಯಡಿ ಸುಮಾರು 90 ದಿನಗಳ ಕೂಲಿ ಬೇರೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಹಳ್ಳಿಗೆ 1.75 ಲಕ್ಷ, ಪಟ್ಟಣಕ್ಕೆ 2 ಲಕ್ಷ. ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂದು ಹಂತಗಳಿದ್ದು, ಪ್ರತಿ ಹಂತದಲ್ಲೂ ಫಲಾನುಭವಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆದ ಮೇಲೆ ‘ಬಿಲ್’ ಆಗುತ್ತದೆ. ಹಣ ಬರುವುದು ಕೆಲಸ ಮುಗಿದ ನಂತರ. ಹಾಗಾಗಿ ತಳಪಾಯಕ್ಕೆ ಬೇಕಾದ ಕಲ್ಲು, ಸಿಮೆಂಟು, ಗಾರೆ ಕೆಲಸದವರ ಕೂಲಿಯನ್ನು ಮೊದಲು ಸ್ವಂತವಾಗಿ ಹೊಂದಿಸಬೇಕು. ಸ್ವಸಹಾಯ ಸಂಘದ ಸಾಲವೋ ಬಡ್ಡಿಯ ಕೈಸಾಲವೋ ಇಲ್ಲಿ ಒಳಬರುತ್ತದೆ. ಸಾಲ ಹುಟ್ಟದವರ ತಳಪಾಯದ ಮೇಲೆ ಹುಲ್ಲು ಬೆಳೆಯುತ್ತದೆ. ನಿಗದಿತ ಅವಧಿಯಲ್ಲಿ ಕೆಲಸ ಆರಂಭಿಸದ ಮನೆಯನ್ನು ವಸತಿ ನಿಗಮ ತನ್ನ ತಂತ್ರಾಂಶದಲ್ಲಿ ‘ಬ್ಲಾಕ್’ ಮಾಡುತ್ತದೆ. ಅರ್ಹರಲ್ಲೇ ಅತ್ಯಂತ ಬಡವರು ಈ ಹಂತದಲ್ಲಿ ಉದುರಿಹೋಗುತ್ತಾರೆ.

ಕುಟುಂಬವಿಲ್ಲದವರು

ಬೀದಿಯಲ್ಲಿ ಮಲಗುವವರಿಗೆ ಆಶ್ರಯ ಕೊಡುವ ಹೊಣೆಯನ್ನು ಸುಪ್ರೀಂ ಕೋರ್ಟ್ 2010ರಿಂದೀಚೆಗೆ ನೀಡಿದ ಆದೇಶಗಳು ಸರ್ಕಾರಗಳ ಮೇಲೆ ಹೊರಿಸಿದವು. 2013ರಲ್ಲಿ ರೂಪುಗೊಂಡ ನಗರ ವಸತಿರಹಿತರ ಆಶ್ರಯ ಯೋಜನೆಯ ಅಳತೆ, ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಆಶ್ರಯ, ತಲೆಗೆ 50 ಚದರ ಅಡಿ, ದಿನದ 24 ಗಂಟೆಯೂ ತೆರೆದ ಬಾಗಿಲು. ಲಕ್ಷದ ಲೆಕ್ಕ ಹಿಡಿದ ಮೇಲೆ ಮೂವತ್ತು ಸಾವಿರ ಜನರ ಪುರಸಭೆ ಹಿಂದೆ ಬೀಳುವುದು ಸಹಜ. ಹಳ್ಳಿ ಇದರಲ್ಲಿ ಬರುವುದೇ ಇಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜತೆ ಶೇ 3ರಷ್ಟು ಭಿಕ್ಷುಕರ ಕರ ವಸೂಲು ಮಾಡುತ್ತವೆ. ಆ ಹಣದಲ್ಲಿ ನಡೆಯುವ ಪರಿಹಾರ ಕೇಂದ್ರಗಳಿಗೆ ಭಿಕ್ಷುಕರನ್ನು ಹಿಡಿದು ಒಯ್ಯಲಾಗುತ್ತದೆ. ಅದು ಕೋರಿ ಪಡೆಯುವ ಸೂರಲ್ಲ.

ಉಳಿದಂತೆ ಹಕ್ಕುಗಳು ಬೇರೆಬೇರೆ ಕಾಯ್ದೆಗಳಲ್ಲಿ ಚದುರಿವೆ. ಮಕ್ಕಳು ಹೊರಹಾಕಿದ ವೃದ್ಧರು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ರದ್ದುಪಡಿಸಲೂ ಅವಕಾಶವಿದೆ. ಗಂಡನ ಮನೆಯಿಂದ ಹೊರದೂಡಲ್ಪಟ್ಟ ಹೆಂಡತಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅದೇ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ, ಮನೆ ಯಾರ ಹೆಸರಲ್ಲೇ ಇರಲಿ. ನೆಲೆಯಿಲ್ಲದ ಮಗು ಮಕ್ಕಳ ಕಲ್ಯಾಣ ಸಮಿತಿಯ ಪಾಲನೆಗೆ ಸೇರುತ್ತದೆ. ಮಾನಸಿಕ ಅಸ್ವಸ್ಥರಾಗಿ ಊರೂರು ಅಲೆಯುವವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಠಾಣಾಧಿಕಾರಿಯ ಕರ್ತವ್ಯ. ಅವರಿಗೆ ಮನೆಯಿಲ್ಲವೆಂದಾದರೆ ಸರ್ಕಾರಿ ಆಶ್ರಯಕ್ಕೆ ಸೇರಿಸಬೇಕು. ಸಣ್ಣ ಪಟ್ಟಣದಲ್ಲಿ ಅಂಥ ಆಶ್ರಯವಿರುವುದು ಅಪರೂಪ. ಕಾಯ್ದೆ ಗೊತ್ತಿರುವ ಠಾಣೆಯೂ ಜಿಲ್ಲಾ ಕೇಂದ್ರದ ದಾರಿ ಹಿಡಿಯಬೇಕಾಗುತ್ತದೆ.

ವಿಕೋಪ ಮತ್ತು ತಡವಾಗಿ ಬಂದವರು

2019ರ ಪ್ರವಾಹದಲ್ಲಿ ಮನೆ ಪೂರ್ಣ ಕಳೆದುಕೊಂಡವರಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅಲ್ಪ ಹಾನಿಯ ಸಿ ವರ್ಗಕ್ಕೆ 50 ಸಾವಿರ ನಿಗದಿಪಡಿಸಲಾಯಿತು. ಮಣ್ಣಿನ ಮನೆ ಮಳೆಗೆ ನೆನೆದ ಮೇಲೆ ನಿಂತಂತೆ ಕಂಡರೂ ತಿಂಗಳಲ್ಲಿ ಕುಸಿಯುತ್ತದೆ. ಸಮೀಕ್ಷೆಯ ದಿನ ನಿಂತಿದ್ದ ಗೋಡೆ ಸಿ ವರ್ಗಕ್ಕೆ ಹೋಯಿತು, ಮರುವಾರ ಬಿತ್ತು. ಹೀಗಾಗಿ ವರ್ಗ ಬದಲಿಸಿಕೊಡಿ ಎಂಬ ಅರ್ಜಿಗಳು ತಹಶೀಲ್ದಾರ್ ಕಚೇರಿಗಳಲ್ಲಿ ಬಹುಕಾಲ ಓಡಾಡಿದವು.

ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ಗ್ರಾಮಸಭೆಯಲ್ಲಿ ಆಕ್ಷೇಪಿಸಬಹುದು, ಆಮೇಲೆ ತಾಲ್ಲೂಕು ಪಂಚಾಯಿತಿಗೆ ದೂರು ಕೊಡಬಹುದು, ಕೇಂದ್ರ ಯೋಜನೆಯಲ್ಲಾದರೆ ಮೇಲ್ಮನವಿ ಸಮಿತಿಯ ಮುಂದೆ ಹೋಗಬಹುದು. ಹೊಸ ಹೆಸರು ಸೇರುವುದು ಮಾತ್ರ ಸಮೀಕ್ಷೆಯ ಕಾಲದಲ್ಲಿ. 2011ರ ಗಣತಿಯಲ್ಲಿ ತಪ್ಪಿದವರಿಗಾಗಿ ಆವಾಸ್ ಪ್ಲಸ್ ಸಮೀಕ್ಷೆ ನಡೆದದ್ದು 2018–19ರಲ್ಲಿ. ಮುಂದಿನದಕ್ಕೆ ಮೊಬೈಲ್ ಆ್ಯಪ್ ಬಿಡುಗಡೆಯಾದದ್ದು 2024ರಲ್ಲಿ, ಅದರಲ್ಲಿ ಅರ್ಜಿದಾರರೇ ತಮ್ಮ ವಿವರ ತುಂಬಲು ಅವಕಾಶ ಸಿಕ್ಕಿತು. ಎರಡು ಸಮೀಕ್ಷೆಗಳ ನಡುವೆ ಮನೆ ಬಿದ್ದವರು, ಬೇರೆಯಾದವರು, ತವರಿಗೆ ಮರಳಿದವರು ಅಷ್ಟು ವರ್ಷ ರಾಜ್ಯದ ಯೋಜನೆಗಳ ವಾರ್ಷಿಕ ಗುರಿಯನ್ನೇ ನಂಬಿಕೊಂಡಿರಬೇಕು.